ಡೈಲಾಗಿಲ್ಲದ ಖಳನಾಯಕ

ವಿಲನ್ ಅಂದ್ರೆ ನಿಮ್ಮ ಕಣ್ಮುಂದೆ ಬರೋದು ಯಾರು? ವಜ್ರಮುನಿ ತಾನೆ? ಹುಬ್ಬು ಗಂಟಿಕ್ಕಿ ಒಮ್ಮೆ ಗುಡುಗಿದರೆ ಗಾಂಧಿ ಕ್ಲಾಸಿನ ಶಿಳ್ಳೆ ಗಪ್‌ಚುಪ್! ಈ ವಾರ ನಾನು ಹೇಳಹೊರಟ ವಿಲನ್‌ಗೆ ಹುಬ್ಬೂ ಇಲ್ಲ, ಡೈಲಾಗೂ ಇಲ್ಲ. ಅದೊಂದು ರೈಲ್ವೆ ಸ್ಟೇಷನ್ ಗಡಿಯಾರ.

ಊರು ಇಂಗ್ಲೆಂಡಿನ ಕಾರ್ನ್‌ಫೋರ್ತ್. ಚಿತ್ರ 1945ರ ‘ಬ್ರೀಫ್ ಎನ್‌ಕೌಂಟರ್’. ನಿರ್ದೇಶಕ ಡೇವಿಡ್ ಲೀನ್. ಎರಡು ಮಕ್ಕಳ ತಾಯಿ ಲಾರಾ (ಸೀಲಿಯಾ ಜಾನ್ಸನ್) ಸ್ಟೇಷನ್ನಿನಲ್ಲಿ ನಿಂತಾಗ ಕಣ್ಣಿಗೆ ಕಸ ಬೀಳುತ್ತೆ. ತೆಗೆದವನು ಡಾಕ್ಟರ್ ಅಲೆಕ್ (ಟ್ರೆವರ್ ಹೋವರ್ಡ್). ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಆಮೇಲೆ ಗುರುವಾರ ಬಂತೆಂದರೆ ಭೇಟಿ. ಸಂಜೆ 5.40ಕ್ಕೆ ಅವನ ಗಾಡಿ, 5.43ಕ್ಕೆ ಅವಳದು, ಬೇರೆ ಬೇರೆ ದಿಕ್ಕಿಗೆ. ಗಂಡ ಬಂದು ಹೊಡೆಯೋಲ್ಲ, ಊರವರು ಪಂಚಾಯ್ತಿ ಸೇರಿಸೋಲ್ಲ. ಗಡಿಯಾರ ಒಂದೇ ಸಾಕು!

ಪಿಯುಸಿಗೇ ಕೈಮುಗಿದು ಬಂದ ನನಗೆ ಆ ಇಂಗ್ಲಿಷು ಅರ್ಧಂಬರ್ಧ. ಆದರೆ ಕೊನೇ ಭೇಟಿಗೆ ಭಾಷೆ ಬೇಕಿಲ್ಲ ಸ್ವಾಮಿ. ಇರೋದೇ ಕೆಲವು ನಿಮಿಷ. ಅಷ್ಟರಲ್ಲಿ ಲಾರಾಳ ಪರಿಚಯದ ಬಾಯಿಬಡುಕಿಯೊಬ್ಬಳು ಬಂದು ಪಕ್ಕದಲ್ಲೇ ಕೂರುತ್ತಾಳೆ. ವಟವಟ, ವಟವಟ! ಅಲೆಕ್‌ನ ಗಾಡಿ ಬಂತು. ಅವನು ಎದ್ದು ಅವಳ ಹೆಗಲನ್ನೊಮ್ಮೆ ಒತ್ತಿ ಹೊರಟುಹೋಗ್ತಾನೆ. ಅಷ್ಟೆ. ನಮ್ಮವರಾಗಿದ್ದರೆ ಇಲ್ಲೊಂದು ಶೋಕಗೀತೆ ತುರುಕುತ್ತಿದ್ದರು.

ಶೂಟಿಂಗ್ ನಡೆದದ್ದು 1945ರ ಫೆಬ್ರವರಿ ಚಳಿಯಲ್ಲಿ, ರಾತ್ರಿ ಹೊತ್ತು. ಯುದ್ಧ ಇನ್ನೂ ಮುಗಿದಿರಲಿಲ್ಲ. ವಿಮಾನದಾಳಿ ಬಂದರೆ ದೀಪ ಆರಿಸಲು ಪುರುಸೊತ್ತು ಸಿಗಲಿ ಎಂದೇ ಲಂಡನ್ನಿನಿಂದ ಅಷ್ಟು ದೂರದ ಸ್ಟೇಷನ್ ಹುಡುಕಿದ್ದರು.

ಅಂದ ಹಾಗೆ, ಈ ಲೀನ್ ಸಾಹೇಬರು ನಮಗೆ ಪರಕೀಯರೇನಲ್ಲ. 1984ರಲ್ಲಿ ತೆರೆ ಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳಿಗೆ ಸಾವನದುರ್ಗ, ರಾಮನಗರದ ಬಂಡೆಗಳನ್ನೇ ಆರಿಸಿದ್ದು. ಅದೇ ರಾಮನಗರದಲ್ಲಿ 1975ರ ‘ಶೋಲೆ’ಗೆ ಕಟ್ಟಿದ ಇಡೀ ಹಳ್ಳಿ ಇತ್ತು. ಇವತ್ತು ಹೋದರೆ ಬಂಡೆ ಉಂಟು, ಹಳ್ಳಿ ಇಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದ ಅರಸಾಳು ಸ್ಟೇಷನ್ ಮಾತ್ರ ಪುಣ್ಯ ಮಾಡಿತ್ತು. 2020ರಲ್ಲಿ ಅದರ ಹಳೇ ಕಟ್ಟಡ ಮ್ಯೂಸಿಯಂ ಆಯ್ತು.

ಕಾರ್ನ್‌ಫೋರ್ತ್‌ಗೂ ‘ಶೋಲೆ’ ಹಳ್ಳಿಯ ಗತಿಯೇ ಬರೋದಿತ್ತು. 1970ರಲ್ಲಿ ಎಕ್ಸ್‌ಪ್ರೆಸ್ ಗಾಡಿಗಳ ಪ್ಲಾಟ್‌ಫಾರಂ ಮುಚ್ಚಿದರು. ಕಟ್ಟಡ ಪಾಳುಬಿತ್ತು. ಆದರೂ ಸಿನಿಮಾ ನೋಡಿದವರು ಬರೋದು ಬಿಡಲಿಲ್ಲ. ಕಡೆಗೆ ಒಂದು ಟ್ರಸ್ಟ್ ಹುಟ್ಟಿ ರಿಪೇರಿ ಶುರುವಾಯ್ತು, 2003ರಲ್ಲಿ ಬಾಗಿಲು ತೆರೆಯಿತು. ತಮಾಷೆ ಕೇಳಿ: ಚಿತ್ರದ ಚಹಾ ರೂಮು ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಈಗ ಸ್ಟೇಷನ್ನಿನ ನಿಜವಾದ ಚಹಾ ರೂಮನ್ನು ಆ ಸೆಟ್ಟಿನ ಹಾಗೇ ಸಿಂಗರಿಸಿದ್ದಾರೆ!

ನಮ್ಮ ಖಳನಾಯಕನಿಗೂ ಅಲ್ಲೇ ಠಿಕಾಣಿ. ಬಂದವರು ಅದರ ಕೆಳಗೆ ನಿಂತು ಫೋಟೋ ಹೊಡೆಸಿಕೊಳ್ತಾರೆ. ಸ್ಕಾಟ್ಲೆಂಡಿನ ಎಕ್ಸ್‌ಪ್ರೆಸ್ ನಿಲ್ಲದೆ ಧಡಧಡ ಹಾದುಹೋಗುತ್ತೆ. ಒಳಗೊಂದು ಕೋಣೆಯಲ್ಲಿ ಇದೇ ಚಿತ್ರ ಮೇಲಿಂದ ಮೇಲೆ ಓಡ್ತಾನೇ ಇರುತ್ತೆ.