ಮಹಾವೀರಾಚಾರ್ಯನ ಕಂಠಾಭರಣ
ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೊಂದು ಅದರಲ್ಲಿ ಬರುತ್ತದೆ: 12345654321. ಬಾಯಲ್ಲಿ ಹೇಳಹೊರಟರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ದಾಟುತ್ತದೆ. ಹಿಂದಿನಿಂದ ಓದಿದರೂ ಅದೇ ಸಂಖ್ಯೆ. ಇಂಥ ಕೆಲವು ಗುಣಲಬ್ಧಗಳನ್ನು ಅವನು ಅರಸರ ಕಂಠಾಭರಣ ಎಂದ. ಗಣಿತಗ್ರಂಥದಲ್ಲಿ ಇಂಥ ರಸಿಕತೆ ಅಪರೂಪ, ಅದಕ್ಕೇ ಅದು ಇಷ್ಟು ಪ್ರಿಯವಾಗುತ್ತದೆ. ಈ ಸಂಖ್ಯೆ 111111ರ ವರ್ಗ. ಶಾಲೆಯಲ್ಲಿ ಕಲಿತಂತೆ ಗುಣಿಸಿದರೆ ಆರು ಸಾಲು ಒಂದುಗಳು ಒಂದೊಂದೇ ಮನೆ ಎಡಕ್ಕೆ ಸರಿದು ನಿಲ್ಲುತ್ತವೆ. ನಡುವಿನ ಕಂಬಸಾಲಿನಲ್ಲಿ ಆರು ಒಂದುಗಳು, ಇಕ್ಕೆಲಗಳಲ್ಲಿ ಐದೈದು, ನಾಲ್ಕುನಾಲ್ಕು. ದಶಕ ಎಲ್ಲೂ ಇಲ್ಲದ್ದರಿಂದ ಕೂಡಿದ್ದು ಹಾಗೆಯೇ ಕೆಳಗಿಳಿಯುತ್ತದೆ. 111111 ಎಂದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಹಾಗಾಗಿ ಅದರ ವರ್ಗವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಬರೋಬ್ಬರಿ 243. ಅಂಕಿಗಳ ಮೊತ್ತ 36, ಅದೂ ಆರರ ವರ್ಗವೇ. ಒಂಬತ್ತು ಒಂದುಗಳವರೆಗೆ ಈ ಚೆಲುವು ಕೆಡದು: 12345678987654321. ಹತ್ತನೆಯ ಒಂದು ಸೇರಿತೋ, ನಡುವೆ ದಶಕ ಹುಟ್ಟಿ ಎಡಕ್ಕೆ ನುಗ್ಗುತ್ತದೆ. ಉತ್ತರ 1234567900987654321, ಏರುವ ಬದಿಯಲ್ಲಿ 8 ಮಾಯ.