ಗೃಹಸ್ಥರ ವ್ಯವಹಾರ: ಹಳೆಯ ಗಾನಯಂತ್ರಗಳ ವಿಕ್ರಯವೂ ಮಧ್ಯಸ್ಥರ ಪಾಲೂ

ಮನೆಯಲ್ಲಿರುವ ಹಳೆಯ ಸಾಮಾನುಗಳಲ್ಲಿ ಎರಡು ಬಗೆಯುಂಟು. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ಮೊದಲಾದವು ಒಂದು ಬಗೆ. ಇವುಗಳ ಬೆಲೆ ತೂಕದ ಮೇಲೆ ನಿಲ್ಲುವುದರಿಂದ ಮಾರುವವನಿಗೂ ಕೊಳ್ಳುವವನಿಗೂ ನಡುವೆ ಒಂದು ತಕ್ಕಡಿಯಿದ್ದರೆ ಸಾಕು. ರೇಡಿಯೋ, ಪ್ಲೇಟು ಹಾಕುವ ಯಂತ್ರ, ಆಂಪ್ಲಿಫೈಯರ್, ಸ್ಪೀಕರ್ ಮೊದಲಾದವು ಎರಡನೆಯ ಬಗೆ. ಇವುಗಳ ಬೆಲೆಯು ಪೆಟ್ಟಿಗೆಯ ಒಳಗಿನ ಸ್ಥಿತಿಯನ್ನು ಅವಲಂಬಿಸಿರುವುದು. ಆ ಸ್ಥಿತಿಯು ಕೊಳ್ಳುವವನ ಕಣ್ಣಿಗೆ ಕಾಣದು. ಎಷ್ಟೋ ವೇಳೆ ಮಾರುವವನಿಗೂ ತಿಳಿಯದು. ಎಲ್ಲಿ ಪದಾರ್ಥದ ಗುಣವು ಮರೆಯಾಗಿರುವುದೋ ಅಲ್ಲಿ ಮೂರನೆಯವನೊಬ್ಬನು ಬಂದು ನಿಲ್ಲುವುದು ಲೋಕರೂಢಿ. ಹಿಂದೆ ಅವನನ್ನು ದಲ್ಲಾಳಿ ಎನ್ನುತ್ತಿದ್ದೆವು. ಈಗ ಆ ಸ್ಥಾನವನ್ನು ಅಂತರ್ಜಾಲದ ಪೇಟೆಗಳು ವಹಿಸಿಕೊಂಡಿರುವುವು. ಈ ಪೇಟೆಗಳು ಎಷ್ಟು ಪಾಲನ್ನು ತೆಗೆದುಕೊಳ್ಳುವುವು, ಅದಕ್ಕೆ ಪ್ರತಿಯಾಗಿ ಏನನ್ನು ಕೊಡುವುವು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಹಳೆಯ ವಸ್ತುವಿನ ಮಾರಾಟಕ್ಕೆ ಕಟ್ಟಳೆಯು ಬೇಕೆಂಬುದು ಹೊಸ ಮಾತೇನೂ ಅಲ್ಲ. ನಮ್ಮ ಮೈಸೂರಿನಲ್ಲಿಯೇ ಓಲೆಗರಿಯಲ್ಲಿ ದೊರೆತು, ಪಂಡಿತ ಶಾಮಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪೇಟೆಯ ಅಧ್ಯಕ್ಷನಿಗೆ ಒಂದು ವಿಧಿಯಿದೆ: ಹಳೆಯ ಸಾಮಾನನ್ನು ತಂದವನು ಅದು ತನ್ನದೆಂದು ಸ್ಥಾಪಿಸಿದ ಮೇಲೆಯೇ ಅದರ ವಿಕ್ರಯಕ್ಕೆ ಅವಕಾಶ ಕೊಡತಕ್ಕದ್ದು. ನಾರದಸ್ಮೃತಿಯಲ್ಲಿ ಕ್ರೀತಾನುಶಯ, ಅಂದರೆ ಕೊಂಡ ಮೇಲೆ ಪಶ್ಚಾತ್ತಾಪ ಪಡುವುದು, ಎಂಬ ವ್ಯವಹಾರಪದವೇ ಬೇರೆ ಇದೆ. ಕೊಂಡ ದಿನವೇ ವಸ್ತುವನ್ನು ಕೆಡದಂತೆ ಹಿಂದಿರುಗಿಸಿದರೆ ಪೂರ್ಣ ಬೆಲೆ ಬರತಕ್ಕದ್ದು. ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲಿ ಒಂದು ಭಾಗ ನಷ್ಟ. ಮೂರನೆಯ ದಿನ ಅದರ ಇಮ್ಮಡಿ. ಆಮೇಲೆ ಅದು ಕೊಂಡವನದೇ. ಉಟ್ಟು ಹಳೆಯದಾಗಿ ಮಾಸಿದ ಬಟ್ಟೆಯನ್ನು ಕೊಂಡವನಾದರೋ ಅದರಲ್ಲಿ ದೋಷವಿದ್ದರೂ ಹಿಂದಿರುಗಿಸುವಂತಿಲ್ಲ. ಆದರೆ ನಿರ್ದೋಷವಾದುದನ್ನು ತೋರಿಸಿ ದೋಷವುಳ್ಳದ್ದನ್ನು ಕೊಟ್ಟವನು ಇಮ್ಮಡಿ ಬೆಲೆಯನ್ನೂ, ಅಷ್ಟೇ ದಂಡವನ್ನೂ ತೆರಬೇಕು. ಈಗಿನ ಪೇಟೆಗಳ ಉದ್ದುದ್ದ ನಿಬಂಧನೆಗಳಲ್ಲಿ ಬಹುಭಾಗ ಈ ಮೂರು ನಾಲ್ಕು ಮಾತುಗಳ ವಿಸ್ತಾರವೇ ಎಂಬುದನ್ನು ಮುಂದೆ ನೋಡುವೆವು.

ಈ ಪೇಟೆಗಳಲ್ಲಿ ದೊಡ್ಡದು ಅಮೆರಿಕದ ಈಬೇ. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಇದನ್ನು ಹರಾಜುಕಟ್ಟೆಯಾಗಿ ಪ್ರಾರಂಭಿಸಿದರು. ಅಲ್ಲಿ ಮೊದಲು ಮಾರಾಟವಾದುದು ಒಂದು ಕೆಟ್ಟುಹೋದ ಲೇಸರ್ ಕಡ್ಡಿ; ಬೆಲೆ 14 ಡಾಲರ್ 83 ಸೆಂಟು. ಇದು ಕೆಟ್ಟಿದೆಯೆಂಬುದು ತಿಳಿದಿದೆಯೇ ಎಂದು ಮಾರಿದವರು ಕೇಳಿದಾಗ, ಕೊಂಡವನು ತಾನು ಕೆಟ್ಟ ಕಡ್ಡಿಗಳನ್ನೇ ಸಂಗ್ರಹಿಸುವವನೆಂದು ಉತ್ತರವಿತ್ತನಂತೆ. ದೋಷವನ್ನು ಮುಂದಾಗಿ ಹೇಳಿ ಮಾರಿದರೆ ದೋಷವುಳ್ಳ ವಸ್ತುವಿಗೂ ಗಿರಾಕಿಯುಂಟೆಂಬ ನೀತಿ ಮೊದಲ ಮಾರಾಟದಲ್ಲಿಯೇ ಇದೆ.

ಈಬೇಯ ಪಾಲು ಎಷ್ಟು? ಅಮೆರಿಕದಲ್ಲಿ ಅಂಗಡಿಯಿಲ್ಲದ ಸಾಮಾನ್ಯ ಗೃಹಸ್ಥನು ಮಾರುವ ಬಹುಪಾಲು ವಸ್ತುಗಳಿಗೆ 2025ರ ಫೆಬ್ರವರಿಯಲ್ಲಿ ಗೊತ್ತಾದ ದರ ನೂರಕ್ಕೆ 13.6, ಅದರ ಮೇಲೆ ಪ್ರತಿ ಮಾರಾಟಕ್ಕೆ 40 ಸೆಂಟು. ಕೇಳುವುದಕ್ಕೆ ಇದು ಸರಳವಾಗಿದೆ. ಆದರೆ ವಾಚಕರು ಗಮನಿಸತಕ್ಕದ್ದೇನೆಂದರೆ, ಈ ದರವನ್ನು ವಸ್ತುವಿನ ಬೆಲೆಯೊಂದರ ಮೇಲೆಯೇ ಹಾಕುವುದಿಲ್ಲ. ಸಾಗಣೆಯ ಖರ್ಚು ಮತ್ತು ಮಾರಾಟ ತೆರಿಗೆ ಸೇರಿದ ಒಟ್ಟು ಮೊತ್ತದ ಮೇಲೆ ಹಾಕುವರು. ಲೆಕ್ಕ ಮಾಡಿ ನೋಡೋಣ. ಆಂಪ್ಲಿಫೈಯರ್ ಒಂದರ ಬೆಲೆ 500 ಡಾಲರ್, ಸಾಗಣೆ 50, ತೆರಿಗೆ ನೂರಕ್ಕೆ ಎಂಟರಂತೆ 44, ಒಟ್ಟು 594. ಇದರ ಮೇಲೆ ಪೇಟೆಯ ಪಾಲು 81 ಡಾಲರ್ 18 ಸೆಂಟು. ತೆರಿಗೆ ಸರಕಾರಕ್ಕೆ ಹೋಯಿತು, ಸಾಗಣೆ ಸಾಗಿಸಿದವನಿಗೆ ಹೋಯಿತು, ಮಾರಿದವನ ಕೈಯಲ್ಲಿ ನಿಂತದ್ದು 418 ಡಾಲರ್ 82 ಸೆಂಟು. ಎಂದಮೇಲೆ ವಸ್ತುವಿನ ಬೆಲೆಗೆ ಹೋಲಿಸಿದರೆ ತೆತ್ತದ್ದು ನೂರಕ್ಕೆ ಹದಿನಾರಕ್ಕೂ ಮೇಲೆ. ವಸ್ತುವು ಭಾರವಾದಷ್ಟೂ ಈ ಅಂತರ ಹೆಚ್ಚುವುದು. ಗಾನಯಂತ್ರಗಳಾದರೋ ಭಾರಕ್ಕೆ ಹೆಸರಾದವು.

ಇನ್ನೊಂದು ಪೇಟೆ ರಿವರ್ಬ್. ಶಿಕಾಗೋ ನಗರದಲ್ಲಿ ವಾದ್ಯಗಳ ಅಂಗಡಿಯನ್ನು ನಡೆಸುತ್ತಿದ್ದ ಡೇವಿಡ್ ಕಾಲ್ಟ್ ಎಂಬವರು 2013ರಲ್ಲಿ ಇದನ್ನು ಸ್ಥಾಪಿಸಿದರು. ಇದು ಮುಖ್ಯವಾಗಿ ವಾದ್ಯಗಳಿಗೂ ಧ್ವನಿಮುದ್ರಣದ ಸಲಕರಣೆಗಳಿಗೂ ಮೀಸಲಾದ ಪೇಟೆ. ಮನೆಬಳಕೆಯ ಗಾನಯಂತ್ರಗಳೂ ಇಲ್ಲಿ ಮಾರಾಟವಾಗುವುವು. ಮೊದಲು ಇದರ ಪಾಲು ನೂರಕ್ಕೆ ಮೂರೂವರೆ. 2019ರಲ್ಲಿ ಎಟ್ಸಿ ಎಂಬ ಸಂಸ್ಥೆಯು 27 ಕೋಟಿ 50 ಲಕ್ಷ ಡಾಲರುಗಳಿಗೆ ಇದನ್ನು ಕೊಂಡಿತು. ಮರುವರ್ಷವೇ ಪಾಲು ನೂರಕ್ಕೆ ಐದಾಯಿತು. 2025ರಲ್ಲಿ ಎಟ್ಸಿಯು ಇದನ್ನು ಬೇರೆಯವರಿಗೆ ಮಾರಿಬಿಟ್ಟಿತು. ಐದರ ಜತೆಗೆ ಹಣವನ್ನು ವಸೂಲು ಮಾಡಿಕೊಡುವ ಕೂಲಿಯೆಂದು ಮತ್ತೆ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಸೇರುವುದು. ಹಿಂದಿನ ಉದಾಹರಣೆಯ ಆಂಪ್ಲಿಫೈಯರಿಗೆ ಎರಡೂ ಸೇರಿ 46 ಡಾಲರಿನ ಆಸುಪಾಸಾಗುವುದು. ಹಾಗಾದರೆ ಎಲ್ಲರೂ ಇಲ್ಲಿಗೇ ಬರಬಾರದೇ ಎಂದರೆ, ಪೇಟೆಯ ಬೆಲೆಯು ಅದರ ಪಾಲಿನಲ್ಲಿ ಮಾತ್ರವಲ್ಲ, ಅಲ್ಲಿ ನೆರೆಯುವ ಜನಸಂಖ್ಯೆಯಲ್ಲಿಯೂ ಇದೆ. ದೊಡ್ಡ ಜಾತ್ರೆಯಲ್ಲಿ ನೆಲಬಾಡಿಗೆ ಹೆಚ್ಚು, ಗಿರಾಕಿಯೂ ಹೆಚ್ಚು.

ಪಾಲನ್ನು ಯಾರು ತೆರಬೇಕೆಂಬ ವಿಷಯದಲ್ಲಿಯೂ ಒಂದು ಚಮತ್ಕಾರವುಂಟು. ಈಬೇಯು 2024ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಾಸಗಿ ಗೃಹಸ್ಥರಿಗೆ ಮಾರಾಟದ ಪಾಲನ್ನು ಮನ್ನಾ ಮಾಡಿತು. ಜನರು ಸಂತೋಷಪಟ್ಟರು. 2025ರ ಫೆಬ್ರವರಿಯಲ್ಲಿ ಕೊಳ್ಳುವವರ ಮೇಲೆ ರಕ್ಷಣಾಶುಲ್ಕವೆಂಬ ಹೆಸರಿನಲ್ಲಿ ಹೊಸ ಪಾಲು ಬಂದಿತು. ಕೊಳ್ಳುವವನು ತನ್ನ ಕೈಯಿಂದ ಹೋಗುವ ಒಟ್ಟು ಹಣವನ್ನು ನೋಡುವನೇ ಹೊರತು ಅದರ ಹೆಸರುಗಳನ್ನಲ್ಲ. ಆದ್ದರಿಂದ ಉಚಿತವೆಂಬ ಫಲಕವನ್ನು ಕಂಡಾಗ, ಭಾರವು ಯಾವ ಹೆಗಲಿಗೆ ಹೋಯಿತೆಂದು ವಿಚಾರಿಸುವುದು ಜಾಣತನ.

ಇನ್ನು ಈ ಪಾಲಿಗೆ ಪ್ರತಿಯಾಗಿ ದೊರೆಯುವುದೇನು? ಮೊದಲನೆಯದು ಹಣದ ಭದ್ರತೆ. ಎರಡನೆಯದು ಹಿಂದಿರುಗಿಸುವ ಹಕ್ಕು. ಈಬೇಯಲ್ಲಿ ಮಾರುವವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಬರೆದಿದ್ದರೂ, ಬಂದ ವಸ್ತುವು ವರ್ಣನೆಗೆ ಒಪ್ಪದಿದ್ದರೆ ಕೈಸೇರಿದ 30 ದಿನಗಳೊಳಗೆ ಕೊಂಡವನು ದೂರಬಹುದು. ಆಗ ಹಿಂದಿರುಗಿಸುವ ಸಾಗಣೆಯ ಖರ್ಚೂ ಮಾರಿದವನದೇ. ನಾರದರ ಮೂರು ದಿನ ಇಲ್ಲಿ ಮೂವತ್ತಾಗಿದೆ, ಅಷ್ಟೇ ವ್ಯತ್ಯಾಸ. ಕೆಟ್ಟಿದೆ, ಬಿಡಿಭಾಗಗಳಿಗೆ ಮಾತ್ರ ಎಂಬ ವರ್ಗದಲ್ಲಿ ಮಾರಿದರೆ ಮಾಸಿದ ಬಟ್ಟೆಯ ನ್ಯಾಯ ಬಹುಮಟ್ಟಿಗೆ ಅನ್ವಯಿಸುವುದು. ಮೂರನೆಯದು ಪರಸ್ಪರ ಯೋಗ್ಯತಾಪತ್ರ. 2008ರಿಂದ ಈಬೇಯಲ್ಲಿ ಕೊಂಡವನು ಮಾರಿದವನನ್ನು ನಿಂದಿಸಿ ಬರೆಯಬಹುದು. ಮಾರಿದವನು ಕೊಂಡವನನ್ನು ನಿಂದಿಸಿ ಬರೆಯುವಂತಿಲ್ಲ. ಪ್ರತೀಕಾರದ ಭಯದಿಂದ ಕೊಂಡವರು ಸತ್ಯವನ್ನು ಮುಚ್ಚಿಡುತ್ತಿದ್ದರೆಂಬುದು ಇದಕ್ಕೆ ಕೊಟ್ಟ ಕಾರಣ. ಕಾರಣವು ಸಾಧುವಾದುದೇ. ಆದರೆ ಒಳ್ಳೆಯ ಯಂತ್ರವನ್ನು ತರಿಸಿಕೊಂಡು, ತನ್ನ ಕೆಟ್ಟ ಯಂತ್ರವನ್ನು ಹಿಂದಕ್ಕೆ ಕಳುಹಿಸುವ ವಂಚಕನೂ ಲೋಕದಲ್ಲಿರುವನು. ಅಂಥವನಿಗೆ ಎದುರಾಗಿ ಗೃಹಸ್ಥನಿಗಿರುವ ರಕ್ಷೆ, ಯಂತ್ರದ ಕ್ರಮಸಂಖ್ಯೆಯನ್ನೂ ಅದು ಹಾಡುತ್ತಿರುವುದನ್ನೂ ಮುಂಚಿತವಾಗಿ ಚಿತ್ರ ತೆಗೆದಿಟ್ಟುಕೊಳ್ಳುವುದೇ.

ಈಗ ನಮ್ಮ ದೇಶದ ಸ್ಥಿತಿ. ಈಬೇಯು 2004ರಲ್ಲಿ ಬಾಜೀ ಎಂಬ ಭಾರತೀಯ ಪೇಟೆಯನ್ನು ಕೊಂಡು ಇಲ್ಲಿ ನೆಲೆಯೂರಿತ್ತು. 2017ರಲ್ಲಿ ಅದನ್ನು ಫ್ಲಿಪ್‌ಕಾರ್ಟಿಗೆ ಒಪ್ಪಿಸಿತು. 2018ರಲ್ಲಿ ಆ ಪೇಟೆ ಮುಚ್ಚಿತು. ಈಗ ಗೃಹಸ್ಥರು ಹೆಚ್ಚಾಗಿ ಆಶ್ರಯಿಸುವುದು ಓಎಲ್‌ಎಕ್ಸ್ ಮೊದಲಾದ ಜಾಹೀರಾತಿನ ಕಟ್ಟೆಗಳನ್ನು. ಗೃಹಸ್ಥನು ಒಂದೆರಡು ಸಾಮಾನುಗಳನ್ನು ಮಾರುವಾಗ ಇವು ಸಾಮಾನ್ಯವಾಗಿ ಬೆಲೆಯಲ್ಲಿ ಪಾಲು ಕೇಳುವುದಿಲ್ಲ. ಆದ್ದರಿಂದಲೇ ನಡುವೆ ನಿಂತು ಹಣವನ್ನು ಹಿಡಿದಿಟ್ಟು ಕಾಯುವುದೂ ಇಲ್ಲ. ಸರಕಾರವು 2020ರಲ್ಲಿ ಅಂತರ್ಜಾಲ ವ್ಯಾಪಾರಕ್ಕಾಗಿ ಗ್ರಾಹಕರಕ್ಷಣೆಯ ನಿಯಮಗಳನ್ನು ಮಾಡಿತಷ್ಟೆ. ವ್ಯಾಪಾರದ ಕ್ರಮದಲ್ಲಲ್ಲದೆ ಸ್ವಂತಕ್ಕಾಗಿ ಮಾರುವ ವ್ಯಕ್ತಿಗೆ ಆ ನಿಯಮಗಳು ಅನ್ವಯಿಸುವುದಿಲ್ಲ. ಎಂದಮೇಲೆ ಗೃಹಸ್ಥನು ಗೃಹಸ್ಥನಿಗೆ ಮಾರುವಾಗ ವಿವೇಕವೇ ದಲ್ಲಾಳಿ, ವಿವೇಕವೇ ಕಾವಲುಗಾರ.

ಹಾಸನದ ಕಡೆಯ ಗೃಹಿಣಿಯೊಬ್ಬರು ನಮಗೆ ಬರೆದಿರುವರು. ಅವರ ಯಜಮಾನರು ಕಾಲವಾಗಿ ವರ್ಷವಾಯಿತು. ಅವರು ದಿನವೂ ಅಂಗವಸ್ತ್ರದ ತುದಿಯಿಂದ ಒರೆಸಿಡುತ್ತಿದ್ದ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರುಗಳು, ಪ್ಲೇಟು ಹಾಕುವ ಯಂತ್ರ ಮನೆಯಲ್ಲಿವೆ. ಎರಡು ತಿಂಗಳೊಳಗೆ ಬಾಡಿಗೆಯ ಮನೆಯನ್ನು ಬಿಟ್ಟು ಮಗನಲ್ಲಿಗೆ ಹೋಗಬೇಕಾಗಿದೆ. ಊರಿನ ವ್ಯಾಪಾರಿಯೊಬ್ಬನು ಎಲ್ಲಕ್ಕೂ ಸೇರಿ ಆರು ಸಾವಿರ ಕೊಡುವೆನೆನ್ನುವನು. ಅಮೆರಿಕದಲ್ಲಿರುವ ಮಗಳು, ಇಲ್ಲಿಗೆ ಕಳುಹಿಸಿರಿ, ಒಳ್ಳೆಯ ಬೆಲೆ ಬರುವುದು ಎನ್ನುವಳು. ಜಾಹೀರಾತನ್ನು ನೋಡಿದ ಒಬ್ಬನು ತಾನು ಸೈನ್ಯದಲ್ಲಿರುವವನೆಂದು ಹೇಳಿ, ಚೌಕಾಶಿಯನ್ನೇ ಮಾಡದೆ ನಲವತ್ತು ಸಾವಿರಕ್ಕೆ ಒಪ್ಪಿ, ಒಂದು ಕ್ಯೂಆರ್ ಚಿತ್ರವನ್ನು ಕಳುಹಿಸುವೆನು, ಅದನ್ನು ಮೊಬೈಲಿಗೆ ತೋರಿಸಿದರೆ ಹಣ ಬರುವುದು ಎಂದಿರುವನು. ಯಾವುದು ಮೇಲು ಎಂದು ಅವರ ಪ್ರಶ್ನೆ.

ಅಮ್ಮನವರೇ, ಮೂರನೆಯವನಿಗೆ ಇಂದೇ ಬೇಡವೆಂದು ಹೇಳಿಬಿಡಿ. ಹಣ ಪಡೆಯುವುದಕ್ಕೆ ಚಿತ್ರವನ್ನು ತೋರಿಸುವುದೂ ಬೇಕಿಲ್ಲ, ಗುಪ್ತಸಂಖ್ಯೆಯನ್ನು ಒತ್ತುವುದೂ ಬೇಕಿಲ್ಲ. ಯುಪಿಐ ಗುಪ್ತಸಂಖ್ಯೆಯನ್ನು ಒತ್ತುವುದು ಹಣವನ್ನು ಕೊಡುವುದಕ್ಕೆ ಮಾತ್ರ. ವಸ್ತುವನ್ನು ನೋಡದೆ ಪೂರ್ಣ ಬೆಲೆಗೆ ಒಪ್ಪುವವನಿಗೆ ವಸ್ತುವು ಬೇಕಾಗಿಲ್ಲ. ಸೈನ್ಯದ ಹೆಸರನ್ನು ಹೇಳಿಕೊಂಡು ನಡೆಯುವ ಈ ಮೋಸ ದೇಶದ ಎಲ್ಲೆಡೆಯೂ ಇದೆ. ಯಾರಾದರೂ ಆಗಲೇ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡತಕ್ಕದ್ದು.

ಮಗಳ ಸಲಹೆಯು ಪ್ರೀತಿಯಿಂದ ಬಂದದ್ದೇ ಸರಿ, ಲೆಕ್ಕದಿಂದಲ್ಲ. ದೊಡ್ಡ ಸ್ಪೀಕರುಗಳನ್ನು ಕಡಲಾಚೆ ಕಳುಹಿಸುವ ಸಾಗಣೆಯೇ ಬೆಲೆಯನ್ನು ನುಂಗುವುದು. ಉಳಿದುದರಲ್ಲಿ ಪೇಟೆಯ ಪಾಲು ಹೋಗುವುದು. ಅಲ್ಲದೆ ನಮ್ಮ ವಿದ್ಯುತ್ತು 230 ವೋಲ್ಟು, ಅಲ್ಲಿಯದು 120. ನಮ್ಮಲ್ಲಿ ಆವರ್ತನ 50, ಅಲ್ಲಿ 60. ಹಳೆಯ ಪ್ಲೇಟು ಯಂತ್ರಗಳಲ್ಲಿ ಅನೇಕವು ಈ ಆವರ್ತನವನ್ನೇ ಹಿಡಿದು ತಿರುಗುವುವು. ಅಂಥವು ಅಲ್ಲಿ ಹಾಡನ್ನು ಓಡಿಸಿಬಿಡುವುವು. ಅಲ್ಲಿಂದ ಅಗ್ಗವಾಗಿ ತರಿಸಿಕೊಳ್ಳುವೆವೆನ್ನುವವರಿಗೂ ಇದೇ ಮಾತು ತಿರುಗಿಸಿ ಅನ್ವಯಿಸುವುದು.

ವ್ಯಾಪಾರಿಯನ್ನು ನಾವು ದೂಷಿಸುವುದಿಲ್ಲ. ಅವನು ಹಣವನ್ನು ಇಂದೇ ಕೊಡುವನು. ಕೆಟ್ಟುದನ್ನು ಸರಿಮಾಡಿಸುವ ಖರ್ಚೂ, ಮಾರಾಟವಾಗದಿದ್ದರೆ ಬರುವ ನಷ್ಟವೂ ಅವನದು. ಅವನ ಲಾಭವೆಂಬುದು ಪಾಲಿನ ಇನ್ನೊಂದು ರೂಪ. ಆದರೆ ಆ ಪಾಲು ಎಷ್ಟೆಂದು ತಿಳಿಯದೆ ಒಪ್ಪಬಾರದು. ನಿಮಗೆ ಎರಡು ತಿಂಗಳ ಅವಕಾಶವಿದೆ. ಮೊದಲು ಯಂತ್ರ ಬಲ್ಲವನೊಬ್ಬನಿಗೆ ತಕ್ಕ ಕೂಲಿ ಕೊಟ್ಟು ಪರೀಕ್ಷೆ ಮಾಡಿಸಿ. ಹಳೆಯ ಆಂಪ್ಲಿಫೈಯರಿನ ಕೆಪಾಸಿಟರುಗಳು ಒಣಗಿರಬಹುದು, ಸ್ಪೀಕರಿನ ಅಂಚಿನ ಸ್ಪಂಜು ಪುಡಿಯಾಗಿರಬಹುದು, ಮುಳ್ಳು ಸವೆದಿರಬಹುದು. ಕಂಡ ದೋಷಗಳನ್ನೆಲ್ಲ ಜಾಹೀರಾತಿನಲ್ಲಿ ಬರೆಯಿಸಿ. ಮೊದಲ ತಿಂಗಳು ಸ್ವತಃ ಪ್ರಯತ್ನಿಸಿ: ಮನೆಗೆ ಬಂದು, ಹಾಡಿಸಿ ಕೇಳಿ, ಹಣವನ್ನು ಅಲ್ಲಿಯೇ ಸಲ್ಲಿಸುವವರಿಗೆ ಮಾತ್ರ ಕೊಡಿ, ಆ ವೇಳೆಗೆ ನೆರೆಯವರೊಬ್ಬರು ಜತೆಯಲ್ಲಿರಲಿ. ಹಣ ಬಂದಿತೆಂಬುದನ್ನು ಅವರು ತೋರಿಸುವ ಮೊಬೈಲಿನಲ್ಲಲ್ಲ, ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿ ನೋಡಿಕೊಳ್ಳಿ. ಎರಡನೆಯ ತಿಂಗಳಿನಲ್ಲಿ ಉಳಿದುದಕ್ಕೆ ಇಬ್ಬರು ಮೂವರು ವ್ಯಾಪಾರಿಗಳನ್ನು ಕೇಳಿ, ಹೆಚ್ಚು ಕೊಡುವವನಿಗೆ ಒಪ್ಪಿಸಿಬಿಡಿ. ಪ್ಲೇಟು ಯಂತ್ರವು ಒಂದು ಪೆಟ್ಟಿಗೆಯಷ್ಟು ಜಾಗದಲ್ಲಿ ಹಿಡಿಯುವುದು. ಮಗನ ಮನೆಗೆ ಅದನ್ನು ಜತೆಯಲ್ಲಿಯೇ ಕೊಂಡೊಯ್ಯಬಾರದೇ ಎಂಬುದನ್ನೂ ಯೋಚಿಸಿ.

ಪಾರ್ಸೆಲಿನಲ್ಲಿ ಕಳುಹಿಸಲೇಬೇಕಾದವರು, ತಿರುಗುವ ತಟ್ಟೆಯನ್ನೂ ತೂಕದ ಬಿಲ್ಲೆಯನ್ನೂ ಕಳಚಿ ಬೇರೆ ಸುತ್ತಬೇಕು. ಮುಳ್ಳಿನ ತೋಳನ್ನು ಅಲುಗದಂತೆ ಕಟ್ಟಬೇಕು. ವಾಲ್ವುಗಳನ್ನು ತೆಗೆದು ಪ್ರತ್ಯೇಕವಾಗಿ ಇಡಬೇಕು. ಪೆಟ್ಟಿಗೆಯೊಳಗೆ ಪೆಟ್ಟಿಗೆಯನ್ನಿಟ್ಟು ನಡುವೆ ಮೆತ್ತೆ ತುಂಬಬೇಕು. ದಾರಿಯಲ್ಲಿ ಮುರಿದ ವಸ್ತುವನ್ನು ಪೇಟೆಯು ಮಾರಿದವನ ಲೆಕ್ಕಕ್ಕೇ ಬರೆಯುವುದು.

ಕಡೆಯದಾಗಿ ಒಂದು ಮಾತು. ಪೇಟೆಯು ನೂರಕ್ಕೆ ಐದು ತೆಗೆದುಕೊಳ್ಳಲಿ, ಹದಿಮೂರು ತೆಗೆದುಕೊಳ್ಳಲಿ, ಅದು ಅಪರಿಚಿತರಿಬ್ಬರ ನಡುವೆ ನಂಬಿಕೆಯನ್ನು ಒದಗಿಸುವುದಕ್ಕೆ ಕೊಡುವ ಕೂಲಿ. ಗೃಹಸ್ಥನು ತನ್ನ ವಸ್ತುವಿನ ದೋಷವನ್ನು ತಾನೇ ಹೇಳಿ, ಕೊಳ್ಳುವವನ ಹಣವನ್ನು ತಾನೇ ಎಣಿಸಿಕೊಳ್ಳಬಲ್ಲನಾದರೆ ಆ ಕೂಲಿಯಲ್ಲಿ ಬಹುಭಾಗ ಮನೆಯಲ್ಲಿಯೇ ಉಳಿಯುವುದು. ಅದು ಸಾಧ್ಯವಿಲ್ಲದಷ್ಟು ದೂರಕ್ಕೆ ಮಾರುವಾಗ, ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕಿ, ತಿಳಿದು ತೆರಬೇಕು.