ಕುಂಡದ ಹಳೇ ಮಣ್ಣಿಗೆ ಆರು ವಾರದ ಬಿಸಿಲು

ಏಪ್ರಿಲ್ ಮುಗಿಯುತ್ತಾ ಬಂತು. ಚಳಿಗಾಲದಲ್ಲಿ ಕಾಯಿ ಕೊಟ್ಟ ಬಾಲ್ಕನಿಯ ಟೊಮೆಟೊ ಗಿಡಗಳು ಈಗ ಒಣಕಡ್ಡಿ. ಪ್ರತಿವರ್ಷ ಇದೇ ಹೊತ್ತಿಗೆ ನಮ್ಮ ವಾಗ್ಳೆ ಎಸ್ಟೇಟ್ ಸುತ್ತಿನ ಸೊಸೈಟಿಗಳ ಗೇಟಿನ ಪಕ್ಕ ಕುಂಡದಿಂದ ಸುರಿದ ಹಳೇ ಮಣ್ಣಿನ ಚೀಲಗಳು ಕಾಣಿಸುತ್ತವೆ. ಅದು ಹಸಿಕಸವೂ ಅಲ್ಲ, ಒಣಕಸವೂ ಅಲ್ಲ. ಒಯ್ಯಲು ಕಸದ ಗಾಡಿಯವರಿಗೂ ಮನಸ್ಸಿಲ್ಲ. ಅದೇ ದಿನ ಲಿಫ್ಟಿನಲ್ಲಿ ಹೊಸ ಮಣ್ಣಿನ ಚೀಲ ಮೇಲೇರುತ್ತಿರುತ್ತದೆ.

"ಹಳೇ ಮಣ್ಣಲ್ಲಿ ಇನ್ನೇನು ಸತ್ವ ಉಳಿದಿರುತ್ತೆ?" ಎಂದು ಗೆಳೆಯರು ಕೇಳುತ್ತಾರೆ. ಸಿಸ್ಟಮ್ ನಿಧಾನವಾಯಿತೆಂದು ನಾವ್ಯಾರೂ ಕಂಪ್ಯೂಟರನ್ನೇ ಎಸೆಯುವುದಿಲ್ಲ. ಮೊದಲು ಏನು ಕೆಟ್ಟಿದೆ ಎಂದು ನೋಡುತ್ತೇವೆ. ಮಣ್ಣಿಗೂ ಅಷ್ಟೇ.

ಒಂದು ಬೆಳೆಯ ನಂತರ ಕುಂಡದಲ್ಲಿ ಕಡಿಮೆಯಾಗುವುದು ಮುಖ್ಯವಾಗಿ ಎರಡು. ಗೊಬ್ಬರ ಕೊಳೆತು ಕರಗಿರುತ್ತದೆ, ಆದ್ದರಿಂದಲೇ ಮಣ್ಣು ನಾಲ್ಕು ಬೆರಳು ಕೆಳಗಿಳಿದಿರುತ್ತದೆ. ಸಾರಜನಕವನ್ನು ಅಷ್ಟಿಷ್ಟು ಗಿಡ ಉಂಡಿರುತ್ತದೆ, ಉಳಿದದ್ದು ನೀರಿನ ಜೊತೆ ಕೆಳಗಿನ ತೂತಿನಿಂದ ಹೋಗಿರುತ್ತದೆ. ಆದರೆ ಮರಳು, ಜೇಡಿಯ ಕಣಗಳು ಎಲ್ಲಿಗೂ ಹೋಗಿಲ್ಲ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಲಿಗ್ನಿನ್ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ದುಡ್ಡು ಕೊಟ್ಟು ತಂದ ಚೀಲದ ಬಹುಪಾಲು ಹಾಗೇ ಇದೆ.

ನಮ್ಮ ಕಡೆ ಇನ್ನೊಂದು ವಿಷಯವೂ ಉಂಟು. 1962ರಲ್ಲಿ ಎಂಐಡಿಸಿ ಶುರುವಾದ ಕಾಲದಿಂದ ವಾಗ್ಳೆ ಎಸ್ಟೇಟ್ ಕಾರ್ಖಾನೆಗಳ ಜಾಗ. ಅಂಥ ಎಷ್ಟೋ ಪ್ಲಾಟುಗಳಲ್ಲಿ ಈಗ ನಮ್ಮಂಥವರ ಐಟಿ ಕಚೇರಿಗಳಿವೆ. ಕಟ್ಟಡಕ್ಕೆ ಅಗೆದ ಮಣ್ಣು ಪುಕ್ಕಟೆ ಸಿಗುತ್ತದೆಂದು ತಂದು ಅದರಲ್ಲಿ ಸೊಪ್ಪು ಬೆಳೆಯಬೇಡಿ. ಹಳೇ ಕಾರ್ಖಾನೆ ನೆಲದಲ್ಲಿ ಎಣ್ಣೆ, ಸೀಸದಂಥ ಭಾರಲೋಹ ಇರಬಹುದು. ಕಣ್ಣಿಗೆ ಕಾಣುವುದಿಲ್ಲ, ಬಿಸಿಲಿಗೆ ಹೋಗುವುದೂ ಇಲ್ಲ. ನಿಮ್ಮ ಕುಂಡದ ಮಣ್ಣಿನ ಜಾತಕ ನಿಮಗೆ ಗೊತ್ತು. ಅದರಲ್ಲಿ ಏನು ಬೆಳೆದಿತ್ತು, ಏನು ಹಾಕಿದ್ದಿರಿ, ಯಾವ ರೋಗ ಬಂದಿತ್ತು ಎಂಬುದೆಲ್ಲ ಗೊತ್ತಿರುವ ಮಣ್ಣು ಹೊಸ ಚೀಲಕ್ಕಿಂತ ಮೇಲು.

ಹಾಗಾದರೆ ಏನು ಮಾಡಬೇಕು?

ಮೊದಲು ಕುಂಡವನ್ನು ಚೀಲದ ಮೇಲೆ ಬೋರಲು ಹಾಕಿ ಬೇರು ನೋಡಿ. ಟೊಮೆಟೊ, ಬದನೆ, ಬೆಂಡೆಯ ಬೇರಿನಲ್ಲಿ ಗಂಟುಗಂಟು ಕಂಡರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಅಲಸಂದೆ, ಅವರೆಯ ಬೇರಿನಲ್ಲೂ ಸಣ್ಣ ಗುಂಡುಗಳಿರುತ್ತವೆ, ಆದರೆ ಅವು ಸಾರಜನಕ ಕೂಡಿಸುವ ಒಳ್ಳೆಯ ಗಂಟುಗಳು. ಹೆಬ್ಬೆರಳಿನಿಂದ ಉಜ್ಜಿದರೆ ಒಳ್ಳೆಯ ಗಂಟು ಸುಲಭವಾಗಿ ಕಳಚುತ್ತದೆ. ರೋಗದ ಗಂಟು ಬೇರೇ ಊದಿಕೊಂಡದ್ದು, ಕಳಚುವುದಿಲ್ಲ. ರೋಗದ ಮಣ್ಣನ್ನು ಬೇರೆ ಇಡಿ. ದಪ್ಪ ಬೇರು, ಬಿಳಿ ಗೊಣ್ಣೆಹುಳು ಆರಿಸಿ ತೆಗೆಯಿರಿ. ಸಣ್ಣ ಬೇರು ಇರಲಿ, ಕೊಳೆತು ಗೊಬ್ಬರವಾಗುತ್ತದೆ. ಮೇಲೆ ಬಿಳಿ ಪದರ ಕಟ್ಟಿದ್ದರೆ ಅದು ಉಪ್ಪು. ಕೆರೆದು ತೆಗೆದು, ಧಾರಾಳ ನೀರು ಹಾಕಿ ಬಸಿದುಬಿಡಿ.

ಎರಡನೆಯದು ಬಿಸಿಲು. ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ವಿಧಾನ ಇದು: ಒದ್ದೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಬಿಸಿಲಿನಲ್ಲೇ ರೋಗಾಣುಗಳನ್ನು ಕೊಲ್ಲುವುದು. ನಾವು ಪಾರದರ್ಶಕ ಚೀಲದಲ್ಲಿ ತೇವವಿರುವ ಮಣ್ಣನ್ನು ಅರ್ಧ ಗೇಣಿಗಿಂತ ದಪ್ಪವಾಗದಂತೆ ತುಂಬಿ, ಬಾಯಿ ಕಟ್ಟಿ, ಬಿಸಿಲು ಹೆಚ್ಚು ಬೀಳುವ ಕಡೆ ಮಲಗಿಸಿದರೆ ಸಾಕು. ಪಾರದರ್ಶಕ ಚೀಲವೇ ಬೇಕು. ಕಪ್ಪು ಪ್ಲಾಸ್ಟಿಕ್ ತಾನೇ ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ತೇವವೂ ಬೇಕು; ಒಣಮಣ್ಣಿನಲ್ಲಿ ಶಾಖ ಒಳಗಿಳಿಯುವುದಿಲ್ಲ. ನಾಲ್ಕರಿಂದ ಆರು ವಾರ ಹಾಗೇ ಬಿಡಿ. ಥಾಣೆಗೆ ಮಳೆ ಬರುವುದು ಸಾಮಾನ್ಯವಾಗಿ ಜೂನ್ ಎರಡನೇ ವಾರದ ಹೊತ್ತಿಗೆ. ಅಂದರೆ ಇವತ್ತು ಚೀಲ ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ. ಬಾಲ್ಕನಿಗೆ ಬಿಸಿಲು ಕಡಿಮೆಯಿದ್ದರೆ ಟೆರೇಸಿನ ಮೂಲೆಗೆ ಸೊಸೈಟಿಯ ಸೆಕ್ರೆಟರಿಯವರ ಒಪ್ಪಿಗೆ ಕೇಳಿ. ಒದ್ದೆ ಮಣ್ಣು ಭಾರ, ಎಲ್ಲ ಚೀಲ ಒಂದೇ ಕಡೆ ಪೇರಿಸಬೇಡಿ.

ಮೂರನೆಯದು ಊಟ. ನಾಲ್ಕು ಪಾಲು ಹಳೇ ಮಣ್ಣಿಗೆ ಒಂದು ಪಾಲು ಎರೆಹುಳು ಗೊಬ್ಬರ ಅಥವಾ ಅಡುಗೆಮನೆಯ ಕಾಂಪೋಸ್ಟ್, ದೊಡ್ಡ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಗಟ್ಟಿಯಾಗಿದ್ದರೆ ಸ್ವಲ್ಪ ಕೋಕೋಪೀಟ್. ಹಿಂಡಿ ಬೆರೆಸಿ ಹದಿನೈದು ದಿನ ಬಿಟ್ಟು ಬಿತ್ತಿ. ಟ್ರೈಕೋಡರ್ಮಾ ಹಾಕುವವರು ಬಿಸಿಲಿನ ಕೆಲಸ ಮುಗಿದ ಮೇಲೆ ಹಾಕಬೇಕು, ಮೊದಲೇ ಹಾಕಿದರೆ ಅದೂ ಬೇಯುತ್ತದೆ. ಜೂನ್, ಜುಲೈನ ಜಡಿಮಳೆಗೆ ಸಿಕ್ಕುವ ಕುಂಡಕ್ಕೆ ಗೊಬ್ಬರವನ್ನೆಲ್ಲ ಒಮ್ಮೆಗೇ ಹಾಕಬೇಡಿ, ಚರಂಡಿ ಪಾಲಾಗುತ್ತದೆ.

ನಾಲ್ಕನೆಯದು ಬೆಳೆ ಬದಲು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಮನೆತನದವು. ಒಂದರ ರೋಗ ಇನ್ನೊಂದಕ್ಕೆ ಬರುತ್ತದೆ. ಅವು ಬೆಳೆದ ಮಣ್ಣಿನಲ್ಲಿ ಈ ಮಳೆಗಾಲಕ್ಕೆ ಹರಿವೆಯನ್ನೋ ಅಲಸಂದೆಯನ್ನೋ ಹಾಕಿ. ಬೇರುಗಂಟು ಬಂದಿದ್ದ ಮಣ್ಣಿಗೆ ಬಿಸಿಲಿನ ನಂತರ ಚೆಂಡುಹೂವೇ ಸರಿ. ಅದರ ಬೇರು ಆ ಹುಳುವಿಗೆ ಆಗದು, ಗಣೇಶನ ಹಬ್ಬದ ಹೊತ್ತಿಗೆ ಹೂವೂ ಸಿಗಬಹುದು.

ಕೊನೆಗೊಂದು ಮಾತು. ನಮ್ಮಲ್ಲಿ ಬಹಳ ಜನ ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿರುವವರು. ಡೊಂಬಿವಲಿಗೋ ನವಿ ಮುಂಬೈಗೋ ಮನೆ ಬದಲಿಸುವಾಗ ಮೊದಲು ಬಿಟ್ಟುಹೋಗುವುದು ಕುಂಡಗಳನ್ನು. ಒಯ್ಯಲಾಗದಿದ್ದರೆ ಪರವಾಗಿಲ್ಲ, ಗೇಟಿನ ಪಕ್ಕ ಇಡುವ ಬದಲು ಪಕ್ಕದ ಮನೆಯವರಿಗೋ ನಮ್ಮ ಕನ್ನಡದವರಿಗೋ ಕೊಡಿ. ಚೀಲಕ್ಕೆ ಒಂದು ಚೀಟಿ ಅಂಟಿಸಿ: "ಎರಡು ವರ್ಷದ ಮಣ್ಣು. ಬದನೆ, ಆಮೇಲೆ ಮೆಂತ್ಯ. ರೋಗ ಬಂದಿಲ್ಲ." ಪಡೆದವರಿಗೆ ಮಣ್ಣಿನಷ್ಟೇ ಆ ಚೀಟಿಯೂ ಉಪಯೋಗಕ್ಕೆ ಬರುತ್ತದೆ.